ಜೀಪಿಗೆ ಹಾಕಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸುಟ್ಟಿರುವ ಬಗ್ಗೆ ದೂರು

ಮುಧೋಳ, ಬಾಗಲಕೋಟೆ ಜಿಲ್ಲೆ
9 ಜೂನ್ 2025

ಗೆ,
ಗ್ಯಾರೇಜ್ ಮಾಲೀಕರು,
ಉದ್ಯಮಬಾಗ, ಬೆಳಗಾವಿ

ವಿಷಯ: 1989ರ ಮಹೀಂದ್ರಾ ಎಂಎಂ 540 ಜೀಪಿಗೆ ನೀವು ಕೂರಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟಿದ್ದು, ಹಣ ಮತ್ತು ನನ್ನ ಹಳೆಯ ಗೇರ್‌ಬಾಕ್ಸ್ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಫೋನ್ ಮಾಡಿ ಮಾಡಿ ಸಾಕಾಗಿದೆ. ಒಂದು ಸಲ ನೀವು ಗೋವಾದಲ್ಲಿದ್ದಿರಿ, ಒಂದು ಸಲ ಊಟಕ್ಕೆ ಕೂತಿದ್ದಿರಿ, ಆಮೇಲೆ ಎತ್ತುವುದನ್ನೇ ಬಿಟ್ಟಿರಿ. ಅದಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ.

ಗಾಡಿ ನಮ್ಮ ತಂದೆಯವರದು. ಕಬ್ಬಿನ ಹೊಲಕ್ಕೆ, ಕಾರ್ಖಾನೆಗೆ, ಮದುವೆಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಹೋದ ವರ್ಷ ನನ್ನ ಎಡ ಮೊಣಕಾಲಿನ ಆಪರೇಷನ್ ಆಯಿತು. ಆ ಜೀಪಿನ ಕ್ಲಚ್ ಒತ್ತಿದವರಿಗೆ ಗೊತ್ತು, ಅದು ಎಷ್ಟು ಗಟ್ಟಿ ಅಂತ. ಮಾರಿಬಿಡು ಎಂದರು ಮನೆಯಲ್ಲಿ. ಮನಸ್ಸು ಬರಲಿಲ್ಲ. ಕ್ಲಚ್ ಒತ್ತುವ ಗೋಜಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿಸಲು ನವೆಂಬರಿನಲ್ಲಿ ನಿಮ್ಮ ಹತ್ತಿರ ಬಂದೆ. ನೀವು ಬಾನೆಟ್ ಎತ್ತಿ ನೋಡಿ, "ಚಿಂತಿ ಬಿಡ್ರಿ ಸಾವ್ಕಾರ, ಒಂದೂವರಿ ತಿಂಗಳದಾಗ ಬೆಣ್ಣಿ ಹಂಗ ಓಡಸ್ತೇನಿ" ಎಂದಿರಿ. ಒಟ್ಟು 2,60,000 ರೂಪಾಯಿ ಎಂದಿರಿ. ಒಂದೂವರೆ ತಿಂಗಳು ಐದು ತಿಂಗಳಾಯಿತು. ಅದಕ್ಕೆ ನನ್ನ ತಕರಾರಿಲ್ಲ, ಗ್ಯಾರೇಜಿನ ಕ್ಯಾಲೆಂಡರೇ ಬೇರೆ ಇರುತ್ತದೆ.

ತಕರಾರು ಇರುವುದು ಕೆಲಸದ ಬಗ್ಗೆ. ಮಾತಾಗಿದ್ದು ಡೀಸೆಲ್ ಗಾಡಿಯಿಂದ ತೆಗೆದ ಆಟೋಮ್ಯಾಟಿಕ್ ಬಾಕ್ಸ್ ಹಾಕುವುದಾಗಿ. ನೀವು ಕೂರಿಸಿದ್ದು ಜಪಾನಿನ ಯಾವುದೋ ಪೆಟ್ರೋಲ್ ಗಾಡಿಯಿಂದ ಬಿಚ್ಚಿದ್ದು. ಎರಡೂ ಒಂದೇ ಅಲ್ಲ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಪೆಟ್ರೋಲ್ ಎಂಜಿನ್ ಆರು ಸಾವಿರ ಆರ್‌ಪಿಎಂ ತನಕ ಆರಾಮಾಗಿ ಸುತ್ತುತ್ತದೆ. ನನ್ನದು ಪ್ಯೂಜೊ ಡೀಸೆಲ್, 2112 ಸಿಸಿ, 62 ಹಾರ್ಸ್‌ಪವರ್. 4500ಕ್ಕೆ ಅದರ ಉಸಿರು ಮುಗಿಯಿತು. ಯಾವ ವೇಗಕ್ಕೆ ಗೇರ್ ಬದಲಾಗಬೇಕು ಅಂತ ತೀರ್ಮಾನಿಸುವ ಗವರ್ನರ್ ಆ ಬಾಕ್ಸಿನ ಒಳಗಿರುತ್ತದೆ. ಪೆಟ್ರೋಲ್ ಎಂಜಿನ್ನಿನ ವೇಗಕ್ಕೆ ಹೊಂದಿಸಿದ್ದ ಅದನ್ನು ನೀವು ಮುಟ್ಟಲೇ ಇಲ್ಲ. ಹೀಗಾಗಿ ಮೊದಲ ದಿನವೇ ಎಂಜಿನ್ ಕಿರುಚಿಕೊಳ್ಳುತ್ತಿತ್ತು, ಎರಡನೇ ಗೇರ್ ಮಾತ್ರ ಬೀಳುತ್ತಿರಲಿಲ್ಲ. ನಾನು ದೂರು ಹೇಳಿದೆ. ನಿಮ್ಮ ಹುಡುಗ ಹತ್ತು ನಿಮಿಷ ಬಾನೆಟ್ಟಿನಲ್ಲಿ ತಲೆ ಹಾಕಿ, ಈಗ ನೋಡ್ರಿ ಎಂದ. ನಿಜ, ಗೇರ್ ಬೇಗ ಬೇಗ ಬೀಳತೊಡಗಿತು. ಖುಷಿಯಿಂದ ಅವನಿಗೆ ಇನ್ನೂರು ರೂಪಾಯಿ ಚಹಾಕ್ಕೆ ಕೊಟ್ಟು ಬಂದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಅವನು ಏನು ಮಾಡಿದ್ದ ಅಂತ ಆಮೇಲೆ ಗೊತ್ತಾಯಿತು. ಎಕ್ಸಿಲೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಒಂದು ಕೇಬಲ್ ಇದೆ. ಕಾಲು ಎಷ್ಟು ಒತ್ತಿದೆ ಅನ್ನುವುದು ಬಾಕ್ಸಿಗೆ ತಿಳಿಯುವುದು ಆ ಕೇಬಲ್ಲಿನಿಂದ. ಲೋಡು ಜಾಸ್ತಿ ಆದಂತೆ ಒಳಗಿನ ಎಣ್ಣೆಯ ಪ್ರೆಶರ್ ಏರುವುದೂ ಅದರಿಂದಲೇ. ನಿಮ್ಮ ಹುಡುಗ ಅದನ್ನು ಡೀಸೆಲ್ ಪಂಪಿನ ಲಿವರಿನಿಂದ ಬಿಚ್ಚಿ, ಸಡಿಲ ಬಿಟ್ಟು, ಬೈಂಡಿಂಗ್ ವೈರಿನಿಂದ ಬ್ರಾಕೆಟ್ಟಿಗೆ ಕಟ್ಟಿದ್ದ. ಅಂದರೆ ನಾನು ಪೂರ್ತಿ ಎಕ್ಸಿಲೇಟರ್ ತುಳಿದರೂ ಬಾಕ್ಸಿನ ಲೆಕ್ಕದಲ್ಲಿ ನನ್ನ ಕಾಲು ಮೇಲೇ ಇತ್ತು. ಗೇರ್ ಬೇಗ ಬಿತ್ತು, ಪ್ರೆಶರ್ ಏರಲಿಲ್ಲ, ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತಾ ಸವೆದವು. ಒಂದು ತಪ್ಪು ಮುಚ್ಚಲು ಅದಕ್ಕಿಂತ ದೊಡ್ಡ ತಪ್ಪು.

ಅಷ್ಟೇ ಆಗಿದ್ದರೆ ಇನ್ನೂ ಕೆಲವು ತಿಂಗಳು ಎಳೆಯುತ್ತಿತ್ತೋ ಏನೋ. ಬಿಲ್ಲಿನಲ್ಲಿ 'ಆಯಿಲ್ ಕೂಲರ್ ಫಿಟಿಂಗ್ ಸಹಿತ 14,500' ಅಂತ ಬರೆದಿದ್ದೀರಿ. ನಮ್ಮೂರಿನ ಮೇಸ್ತ್ರಿ ಜೀಪಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನನ್ನನ್ನೂ ಕರೆದ. ಬಾಕ್ಸಿನಿಂದ ಎಣ್ಣೆ ಹೊರಗೆ ಬರುವ ಪೈಪು ಒಂದು, ತಣ್ಣಗಾಗಿ ಒಳಗೆ ಹೋಗುವ ಪೈಪು ಒಂದು. ಎರಡರ ಬಾಯಿಗೂ ಒಂದೇ ಗೇಣುದ್ದದ ರಬ್ಬರ್ ಪೈಪು ಸಿಕ್ಕಿಸಿ ಕ್ಲಿಪ್ಪು ಬಿಗಿದಿತ್ತು. ಕೂಲರ್ ಇಲ್ಲವೇ ಇಲ್ಲ. ಬಿಸಿ ಎಣ್ಣೆ ಹಾಗೇ ತಿರುಗಿ ಒಳಗೆ ಹೋಗುತ್ತಿತ್ತು. ಏಪ್ರಿಲ್ ತಿಂಗಳು, ನಮ್ಮ ಕಡೆಯ ಬಿಸಿಲು, ಎರೆ ಹೊಲದ ದಾರಿ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ನಿಧಾನ ಹೋದಾಗಲೇ ಜಾಸ್ತಿ ಕಾಯುತ್ತದೆ, ಅದು ನಿಮಗೆ ಹೇಳಿಕೊಡಬೇಕಾ?

ಮೇ 18ರಂದು ಬೆಳಗಾವಿಯಿಂದ ವಾಪಸ್ ಬರುವಾಗ ಯರಗಟ್ಟಿ ದಾಟಿ ಎರಡು ಕಿಲೋಮೀಟರ್ ಆಗಿರಲಿಲ್ಲ. ಎಂಜಿನ್ ಜೋರಾಗಿ ಸುತ್ತುತ್ತಿದೆ, ಗಾಡಿ ನಿಧಾನವಾಗುತ್ತಿದೆ. ಆಮೇಲೆ ಸುಟ್ಟ ವಾಸನೆ. ನಿಂತೇಬಿಟ್ಟಿತು. ಪಕ್ಕದ ಹೊಲದಿಂದ ನಾಲ್ಕು ಜನ ಬಂದು, "ದಬ್ಬಿ ಚಾಲೂ ಮಾಡೂಣ್ರಿ" ಎಂದರು. ಪಾಪ, ಅವರಿಗೆ ಅದು ಜೀಪು. ಆಟೋಮ್ಯಾಟಿಕ್ ಗಾಡಿ ದಬ್ಬಿದರೆ ಚಾಲೂ ಆಗುವುದಿಲ್ಲ ಅಂತ ರಸ್ತೆಯ ಮೇಲೆ ಪಾಠ ಮಾಡಬೇಕಾಯಿತು. ಲಾರಿಯ ಮೇಲೆ ಹೇರಿ ಮುಧೋಳಕ್ಕೆ ತಂದಿದ್ದಕ್ಕೆ 6,500.

ಇನ್ನೊಂದು ಮಾತು. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗಬೇಕು. ಅದಕ್ಕೆ ಒಂದು ಸ್ವಿಚ್ ಇರುತ್ತದೆ. ನೀವು ಅದರ ಎರಡೂ ವೈರು ಸೇರಿಸಿ ಟೇಪು ಸುತ್ತಿದ್ದೀರಿ. ಒಂದು ದಿನ ನನ್ನ ಮಗ ಲಿವರ್ ಡ್ರೈವ್‌ನಲ್ಲಿ ಇದ್ದದ್ದು ನೋಡದೆ ಚಾವಿ ತಿರುಗಿಸಿದ. ಜೀಪು ಜಿಗಿದು ದನದ ಗೋದಲಿಗೆ ಗುದ್ದಿತು. ಆಗ ಎಮ್ಮೆಗಳು ಹೊಲದಲ್ಲಿದ್ದವು. ಗೋದಲಿಯ ಖರ್ಚು ನಾನು ಕೇಳುತ್ತಿಲ್ಲ.

ಆರ್‌ಟಿಓ ಕೆಲಸವೂ ನಿಮ್ಮದೇ ಎಂದಿದ್ದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಓದಿದ್ದೀರಾ? ಒಪ್ಪಿಗೆ ಇಲ್ಲದ ಬದಲಾವಣೆಗೆ 5,000 ದಂಡ ಬೀಳುವುದು ಗಾಡಿ ಮಾಲೀಕನಿಗೆ, ಅಂದರೆ ನನಗೆ. ಅರ್ಜಿ ಹಾಕಿದ್ದರೆ ಅದರ ಪ್ರತಿ ಕಳಿಸಿ.

ಹೋಗಲಿ, ಹಳೆಯ ಬಾಕ್ಸನ್ನೇ ವಾಪಸ್ ಹಾಕಿಸೋಣ ಎಂದರೆ ಅದೂ ಇಲ್ಲ. ಕೇಳಿದರೆ "ಗುಜರಿಗೆ ಹೋಗೇತ್ರಿ" ಎಂದ ನಿಮ್ಮ ಹುಡುಗ. ಯಾರನ್ನು ಕೇಳಿ ಕೊಟ್ಟಿರಿ? ನಾಲ್ಕು ಗೇರಿನ ಆ ಬಾಕ್ಸು ಮೂವತ್ತೈದು ವರ್ಷದಲ್ಲಿ ಬಿಚ್ಚಿದ್ದು ಎರಡೇ ಸಲ. ಅದರ ಗೇರ್ ಕೋಲಿನ ತುದಿಯ ಕರಿ ಗುಂಡಿನ ಮೇಲಿನ ಅಂಕಿಗಳು ತಂದೆಯವರ ಅಂಗೈ ತಿಕ್ಕಿಯೇ ಅಳಿಸಿಹೋಗಿದ್ದವು. ಅದಕ್ಕೆ ಬಿಲ್ಲು ಹಾಕಲು ನನಗೆ ಬರುವುದಿಲ್ಲ. ಆದರೆ ಗುಂಡು ಮಾತ್ರ ಹುಡುಕಿಸಿ, ನಿಮ್ಮ ಗ್ಯಾರೇಜಿನ ಮೂಲೆಯಲ್ಲಿ ಎಲ್ಲಾದರೂ ಬಿದ್ದಿರಬಹುದು.

ನಾನು ಕೇಳುವುದು ಇಷ್ಟು. 2,60,000 ಮತ್ತು ಲಾರಿ ಬಾಡಿಗೆ 6,500 ವಾಪಸ್ ಕೊಡಿ. ನನ್ನ ಗೇರ್‌ಬಾಕ್ಸ್ ಅಥವಾ ಅದೇ ಮಾಡೆಲ್ಲಿನ ಚಾಲೂ ಬಾಕ್ಸ್ ಕೊಡಿ. ನಿಮ್ಮ ಸಾಮಾನು ನೀವೇ ಬಿಚ್ಚಿಕೊಂಡು ಹೋಗಿ. ಇನ್ನೊಮ್ಮೆ ರಿಪೇರಿ ಮಾಡಿಕೊಡುತ್ತೇನೆ ಅನ್ನುವ ಮಾತು ಬೇಡ.

ಪತ್ರ ತಲುಪಿದ 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬೆಳಗಾವಿಗೆ ಅಲೆದು ಸುಸ್ತಾಗಿ ಸುಮ್ನೆ ಕೂರುತ್ತಾನೆ ಅಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ, ಬಾಗಲಕೋಟೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಫೀ ಕೂಡ ಇಲ್ಲ. ಅಲೆಯುವುದು ನೀವೇ.

ಬಿಲ್ಲಿನ ಪ್ರತಿ, ಆ ರಬ್ಬರ್ ಪೈಪಿನದೂ ಬೈಂಡಿಂಗ್ ವೈರಿನದೂ ಫೋಟೋ ಇದರ ಜೊತೆಗಿವೆ. ಬಾಕ್ಸಿನಿಂದ ತೆಗೆದ ಎಣ್ಣೆ ಒಂದು ಲೀಟರ್ ಬಾಟಲಿಯಲ್ಲಿ ಇಟ್ಟಿದ್ದೇನೆ. ಕೆಂಪಗಿರಬೇಕಾದದ್ದು ಕಷಾಯದ ಹಾಗೆ ಕಪ್ಪಾಗಿದೆ, ತಳದಲ್ಲಿ ಪ್ಲೇಟಿನ ಪುಡಿ ಕೂತಿದೆ. ನೋಡಬೇಕಿದ್ದರೆ ಬನ್ನಿ. ಜೀಪು ಅಂಗಳದಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ಜೀಪಿನ ಮಾಲೀಕ
(ಸಹಿ)