ಮೂರು ಗುಂಡಿಗಳು

ಪುಟ್ಟಿ,

ನಿನ್ನೆ ರಾತ್ರಿ ಸುದ್ದಿ ನೋಡುತ್ತಾ "ಇಂಥವರನ್ನ ನೇಣಿಗೆ ಹಾಕ್ಬೇಕು ಅಪ್ಪ" ಅಂದೆ. ನಾನು ಮಾತಾಡಲಿಲ್ಲ. ನನಗೆ ಅಂಥವನ ಮೇಲೆ ಕನಿಕರ ಅಂದುಕೊಂಡು ಸಿಟ್ಟಾಗಿ ಎದ್ದು ಹೋದೆ, ಅಲ್ವಾ? ಕನಿಕರ ಅಲ್ಲ ಕಣೇ.

ಜಪಾನಿನಲ್ಲಿ ಈಗಲೂ ನೇಣು ಇದೆ. ಟೋಕಿಯೊದ ಗಲ್ಲುಕೋಣೆಯ ಪಕ್ಕದಲ್ಲಿ, ಗೋಡೆಗೆ ಮೂರು ಗುಂಡಿಗಳು. ಮೂವರು ಸಿಬ್ಬಂದಿ ಒಟ್ಟಿಗೆ ಒತ್ತುತ್ತಾರೆ. ಕೈದಿಯ ಕಾಲಡಿಯ ಹಲಗೆ ಯಾರ ಗುಂಡಿಯಿಂದ ತೆರೆದುಕೊಂಡಿತು ಅಂತ ಅವರಿಗೂ ತಿಳಿಯುವುದಿಲ್ಲ. ತಿಳಿಯಬಾರದು ಅಂತಲೇ ಆ ಏರ್ಪಾಡು. ತೀರ್ಪಿನ ಕೆಳಗೆ ಸಹಿ ಇರುತ್ತದೆ. ಕೊನೆಯ ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಬೇಡ.

ಇದೇ ದೇಶದ ಇವಾವೊ ಹಕಮಾಡ ಮೊದಲು ಬಾಕ್ಸರ್ ಆಗಿದ್ದವರು. 1966ರಲ್ಲಿ ಒಂದೇ ಮನೆಯ ನಾಲ್ವರ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದರು. ಆಗ ಅವರಿಗೆ 30. 1968ರಲ್ಲಿ ಮರಣದಂಡನೆಯ ತೀರ್ಪು ಬಂತು. ದೊಡ್ಡ ಸಾಕ್ಷಿ ಅಂದರೆ ರಕ್ತದ ಕಲೆಯ ಬಟ್ಟೆಗಳು. ಕೊಲೆ ನಡೆದು ಒಂದು ವರ್ಷದ ಮೇಲೆ, ಸೋಯಾ ಹುದುಗಿಸುವ ತೊಟ್ಟಿಯಲ್ಲಿ ಸಿಕ್ಕಿದ್ದವು. ಕಲೆ ಇನ್ನೂ ಕೆಂಪಗಿತ್ತು! ಅಷ್ಟು ದಿನ ಅದರಲ್ಲಿ ನೆಂದ ರಕ್ತ ಕಪ್ಪಾಗಬೇಕಲ್ವಾ? ಇಷ್ಟು ಸುಲಭದ ಪ್ರಶ್ನೆ ಕೋರ್ಟಿನ ತಲೆಗೆ ಹೋಗಲು ದಶಕಗಳೇ ಹಿಡಿದವು. ಅಲ್ಲಿ ನೇಣಿನ ದಿನವನ್ನು ಕೈದಿಗೆ ಅವತ್ತು ಬೆಳಿಗ್ಗೆಯೇ ಹೇಳುವುದು. ಅಂದರೆ ಪ್ರತಿ ಬೆಳಿಗ್ಗೆಯೂ ಬೂಟಿನ ಸದ್ದಿಗೆ ಕಿವಿಗೊಟ್ಟು ಕೂರಬೇಕು. 2014ರಲ್ಲಿ ಹೊರಬಂದರು. 2024ರಲ್ಲಿ ಕೋರ್ಟು ಅವರು ನಿರಪರಾಧಿ, ಆ ಬಟ್ಟೆಗಳು ತನಿಖೆ ಮಾಡಿದವರೇ ಸೃಷ್ಟಿಸಿದ ಸಾಕ್ಷಿ ಅಂದಿತು. ಆ ತೀರ್ಪು ಕೇಳಲು ಅವರ ಅಕ್ಕ ಹೋಗಿದ್ದರು. 88 ವರ್ಷದ ತಮ್ಮನ ಮನಸ್ಸು ಅಷ್ಟರಲ್ಲಿ ಕೆಟ್ಟುಹೋಗಿತ್ತು.

ಇವರಾದರೂ ಬದುಕಿ ಉಳಿದರು. ಬ್ರಿಟನ್ನಿನ ತಿಮೊಥಿ ಇವಾನ್ಸ್‌ನನ್ನು ತನ್ನ ಮಗುವನ್ನೇ ಕೊಂದ ಅಂತ 1950ರಲ್ಲಿ ಗಲ್ಲಿಗೇರಿಸಿದರು. ಮೂರು ವರ್ಷದ ಮೇಲೆ, ಅದೇ ಮನೆಯ ಕೆಳಗಿನ ಬಾಡಿಗೆದಾರ ಸರಣಿ ಕೊಲೆಗಾರ ಅಂತ ಗೊತ್ತಾಯಿತು. 1966ರಲ್ಲಿ ಇವಾನ್ಸ್‌ಗೆ ಕ್ಷಮೆ ಸಿಕ್ಕಿತು. ಯಾರಿಗೆ ಕೊಟ್ಟರೋ!

"ಕ್ಯಾಮೆರಾದಲ್ಲಿ ಸಿಕ್ಕಿಬಿದ್ದವನಿಗೆ ಏನಂತೀಯಾ?" ಅಂತ ನೀನು ಕೇಳ್ತೀಯ. ಅಲ್ಲಿ ನನ್ನ ವಾದ ಸ್ವಲ್ಪ ಸೊರಗುತ್ತದೆ, ಒಪ್ಪುತ್ತೇನೆ. ಆದರೆ ಹಕಮಾಡರ ತೀರ್ಪು ಬರೆದಾಗಲೂ ಅಪರಾಧ ಸಾಬೀತಾಗಿದೆ ಅಂತಲೇ ಬರೆದಿದ್ದರು. 'ಸಾಬೀತು' ಮತ್ತು 'ನಿಜವಾಗಿಯೂ ಸಾಬೀತು' ಅಂತ ಕೋರ್ಟಿನಲ್ಲಿ ಎರಡು ಮೊಹರು ಇಲ್ಲ. ಇನ್ನು ಜೀವನಪೂರ್ತಿ ಜೈಲು ಸಣ್ಣ ಶಿಕ್ಷೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಸಂಜೆ ಬಾ, ಜಗಳ ಮುಂದುವರಿಸೋಣ. ಅಷ್ಟರೊಳಗೆ ಒಂದು ಯೋಚನೆ ಮಾಡು. ಮೂರಲ್ಲ, ಒಂದೇ ಗುಂಡಿ, ಅದೂ ನಿನ್ನ ಮುಂದೆ ಇದ್ದರೆ? ನನ್ನದು ಹೇಳಿಬಿಡುತ್ತೇನೆ. ನಿನ್ನೆ ಸುದ್ದಿಯಲ್ಲಿ ಆ ಮಗುವಿನ ಫೋಟೋ ತೋರಿಸಿದಾಗ ಗುಂಡಿ ನನ್ನ ಕೈಗೆ ಸಿಕ್ಕಿದ್ದರೆ ಒತ್ತಿಬಿಡುತ್ತಿದ್ದೆ. ಅವನೇ ಮಾಡಿದ್ದಾ ಅಂತಲೂ ಕೇಳುತ್ತಿರಲಿಲ್ಲ. ಅದಕ್ಕೇ ನಾನು ಮಾತಾಡಲಿಲ್ಲ.

ನಿನ್ನ
ಅಪ್ಪ