ರೂಮ್ ಬಾಡಿಗೆಯ ಲೆಕ್ಕ ಯಾರೂ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಾಗ ಎಲ್ಲರಂತೆ ನಾನೂ ಖುಷಿಪಟ್ಟೆ. 2025ರ ಸೆಪ್ಟೆಂಬರ್ 22ರಿಂದ ನಮ್ಮಂಥವರ ಸ್ವಂತ ಪಾಲಿಸಿಗೆ ಆ 18 ಪರ್ಸೆಂಟ್ ಇಲ್ಲ. ಅಮ್ಮನ ಪಾಲಿಸಿಗೆ ಹಿಂದಿನ ವರ್ಷ ತೆರಿಗೆ ಸೇರಿ 28,320 ಕಟ್ಟಿದ್ದೆ, ಈ ಸಲ 26,000. ತೆರಿಗೆಯ 4,320 ಹೋಯಿತು, ಆದರೆ ಪ್ರೀಮಿಯಂ 2,000 ಏರಿತ್ತು. ಇರಲಿ, 2,320 ಉಳಿಯಿತಲ್ಲ ಅಂದುಕೊಂಡೆ.

ಹೋದ ತಿಂಗಳು ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. 3 ಲಕ್ಷದ ಪಾಲಿಸಿ, ಬಿಲ್ 1,28,000, ಕ್ಯಾಶ್‌ಲೆಸ್. ಇನ್ನೇನು ಬೇಕು ಅಲ್ವಾ? ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ 35,000 ಕಟ್ಟಿ ಅಂದರು.

ಅಮ್ಮನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000 ಮಿತಿ. ಜನರಲ್ ವಾರ್ಡ್‌ನಲ್ಲಿ ಜಾಗ ಇಲ್ಲ ಅಂತ ನಮಗೆ ಕೊಟ್ಟಿದ್ದು ದಿನಕ್ಕೆ 4,500ರ ರೂಮು. ಮೂರು ದಿನಕ್ಕೆ ಮಿತಿಗಿಂತ ಹೆಚ್ಚಾಗಿದ್ದು 4,500 ತಾನೇ, ಅಷ್ಟು ಕಟ್ಟೋಣ ಅಂತ ನಾವು ಧೈರ್ಯವಾಗಿದ್ದೆವು. ಆದರೆ ರೂಮಿನ ಮಿತಿ ಮೀರಿದರೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕತ್ತರಿಸುತ್ತಾರಂತೆ. ರೂಮ್ ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಮಿತಿ ಮೀರಿದ್ದಕ್ಕೆ ಇವೆಲ್ಲದರ 72,000ದಲ್ಲೂ ಮೂರನೇ ಒಂದು ಭಾಗ, 24,000 ಹೋಯಿತು. ಔಷಧಿ, ಟೆಸ್ಟುಗಳಿಗೆ ಈ ಕಡಿತ ಇಲ್ಲ, ಅದೊಂದು ಪುಣ್ಯ. ಕೈಗವಸು, ಸಿರಿಂಜು ಅಂತ ಇನ್ನೊಂದು 6,500 ವಿಮೆಗೆ ಸೇರಲೇ ಇಲ್ಲ. ಅಡ್ಮಿಟ್ ಮಾಡಿಕೊಳ್ಳುವಾಗ ಡೆಸ್ಕ್‌ನಲ್ಲಿ ಪಾಲಿಸಿ ಕಾರ್ಡ್ ನೋಡಿದವರೇ ಇದನ್ನು ಒಂದು ಮಾತು ಹೇಳಿದ್ದರೆ ಒಂದು ದಿನ ಕಾದು ವಾರ್ಡ್ ಹಿಡಿಯುತ್ತಿದ್ದೆವು. ಕಲ್ಲು ತುರ್ತಿನದ್ದೇನೂ ಆಗಿರಲಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನಮ್ಮದು ಎಪಿಎಲ್, ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ಅದೂ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ತಂದರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಹಿರಿಯರ ವಿಮೆಗೆ ಕಟ್ಟಿದ 50,000ದವರೆಗಿನ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ, ಹೊಸ ತೆರಿಗೆ ಪದ್ಧತಿಯಲ್ಲಿರುವ ನನಗೆ ಅದೂ ಇಲ್ಲ.

2017ರ ನವೆಂಬರ್ ನೆನಪಿರಬಹುದು. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದರು, ಖಾಸಗಿ ವೈದ್ಯರು ಬೆಳಗಾವಿಗೆ ಹೋಗಿ ಪ್ರತಿಭಟನೆ ಮಾಡಿದರು, ರಾಜ್ಯದಲ್ಲಿ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಎಲ್ಲರಿಗೂ ದರ ನಿಗದಿ ಮಾಡುವ ಮಾತಿನಿಂದ ಶುರುವಾಗಿದ್ದು ಕೊನೆಗೆ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಬಂದು ನಿಂತಿತು. ಕೈಯಿಂದ ಕಟ್ಟುವವರಿಗೆ, ವಿಮೆ ಇರುವವರಿಗೆ ಸಿಕ್ಕಿದ್ದು ದರಪಟ್ಟಿಯ ಬೋರ್ಡು. ಆ ಬೋರ್ಡಿನಲ್ಲಿ ರೂಮಿನ ದರ ಇತ್ತು, ನಾನೇ ನೋಡಿದ್ದೆ. ಅದರ ಬಾಲ ಎಲ್ಲಿವರೆಗೆ ಹೋಗುತ್ತದೆ ಅಂತ ಮಾತ್ರ ಬರೆದಿರಲಿಲ್ಲ.

ಎಲ್ಲ ಆಸ್ಪತ್ರೆಗಳ ದರ ಇಳಿಸಿ ಅಂತ ನಾನು ಕೇಳುತ್ತಿಲ್ಲ. ಆ ಜಗಳ ಒಮ್ಮೆ ಆಗಿ ಹೋಗಿದೆ. ತುರ್ತಲ್ಲದ ಆಪರೇಷನ್‌ಗೆ ಅಡ್ಮಿಟ್ ಆಗುವ ಮುಂಚೆ, ಈ ರೂಮು ತೆಗೆದುಕೊಂಡರೆ ನಿಮ್ಮ ಕೈಯಿಂದ ಇಷ್ಟು ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಕೆಪಿಎಂಇ ಕಾಯ್ದೆಯಲ್ಲೇ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಇದೆ. ನನಗೆ ಗೊತ್ತಾಗಿದ್ದು ದುಡ್ಡು ಕಟ್ಟಿ ಮನೆಗೆ ಬಂದ ಮೇಲೆ. ಅದರ ಫೋನ್ ನಂಬರನ್ನು ಬಿಲ್ಲಿಂಗ್ ಕೌಂಟರ್ ಎದುರೇ ದೊಡ್ಡದಾಗಿ ಬರೆಸಲಿ.

– ಒಬ್ಬ ಓದುಗ, ದಾವಣಗೆರೆ