ಕಂಬದ ಮೇಲಿನ ನ್ಯೂಟ್ರಲ್‌ಗೆ ಹೊಣೆ ಯಾರು? ಶಾಸಕರಿಗೊಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಮಂಡ್ಯದ ಬಡಾವಣೆಯೊಂದರ ನಿವಾಸಿಗಳೂ ಇಲ್ಲಿನ ಮನೆಗಳಿಗೆ ವೈರಿಂಗ್ ಮಾಡುವವರೂ ಸೇರಿ ಬರೆಯುತ್ತಿದ್ದೇವೆ. ನಮ್ಮ ಬೇಡಿಕೆ ಇಷ್ಟೇ: ಎಲೆಕ್ಟ್ರಿಕ್ ಕಾರಿಗಾಗಿ ಲೋಡ್ (ಮನೆಗೆ ಮಂಜೂರಾದ ವಿದ್ಯುತ್ ಮಿತಿ) ಹೆಚ್ಚಿಸಿ ಎಂದು ಅರ್ಜಿ ಹಾಕಿದವರಿಗೆ ನಿಯಮದ ಅವಧಿಯೊಳಗೆ ಲೋಡ್ ಕೊಡಿಸಿ. ಜೊತೆಗೆ ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರ್ ಬದಲಾಗಲಿ.

ಕಳೆದ ಬೇಸಿಗೆಯ ಒಂದು ರಾತ್ರಿ ನಮ್ಮ ಬೀದಿಯಲ್ಲಿ ಒಬ್ಬರ ಕಾರು ಚಾರ್ಜಿಗೆ ಹಾಕಿದ್ದಾಗ ಎದುರು ಮನೆಯ ಫ್ರಿಜ್ಜು, ಟಿವಿ ಎರಡೂ ಸುಟ್ಟುಹೋದವು. ಬೆಳಗಾಗುವಷ್ಟರಲ್ಲಿ ಬೀದಿಯೇ ತೀರ್ಪು ಕೊಟ್ಟಿತ್ತು: "ನಿಮ್ ಕಾರ್ ಬಂದ್ಮೇಲೇ ಇದೆಲ್ಲ ಸುರುವಾಗಿದ್ದು, ದುಡ್ಡು ಕಟ್ಕೊಡಿ." ಮೇಲೆ ಹತ್ತಿ ನೋಡಿದರೆ ಕಂಬದಲ್ಲಿ ನ್ಯೂಟ್ರಲ್ ಬಿಟ್ಟಿತ್ತು. ಕರೆಂಟು ತರುವ ಮೂರೂ ತಂತಿಗಳ, ಅಂದರೆ ಮೂರೂ ಫೇಸಿನ, ಮನೆಗಳಿಗೆ ಕರೆಂಟು ವಾಪಸು ಹೋಗುವ ದಾರಿ ಆ ಒಂದೇ ತಂತಿ. ಅದು ಕಡಿದರೆ ಎರಡು ಫೇಸುಗಳ ನಡುವಿನ 400 ವೋಲ್ಟು ಮನೆಗಳ ನಡುವೆ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಹೆಚ್ಚು ಲೋಡ್ ಇರುವ ಮನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಬೇರೆ ಫೇಸಿನಲ್ಲಿ ಕಡಿಮೆ ಲೋಡ್ ಇರುವ ಮನೆಯಲ್ಲಿ 300 ದಾಟುತ್ತದೆ. ಆಗ ಬಂದ ಲೈನ್‌ಮನ್ ಮಾಡಿದ್ದು ಅದೇ ತಂತಿಯನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಿದ್ದು. ಅವರ ಚೀಲದಲ್ಲಿ ಬೇರೆ ಏನೂ ಇರಲಿಲ್ಲ, ಅವರನ್ನು ದೂರುವುದಿಲ್ಲ. ಆ ಎರಡು ಮನೆಯವರು ಇವತ್ತಿಗೂ ಮಾತಾಡುವುದಿಲ್ಲ.

ತಿರುಚಿದ ಜೋಡಣೆ ಯಾಕೆ ನಿಲ್ಲುವುದಿಲ್ಲವೆಂದರೆ, ಅಲ್ಯೂಮಿನಿಯಂ ಮೇಲೆ ಗಾಳಿಗೆ ಕರೆಂಟನ್ನು ತಡೆಯುವ ಆಕ್ಸೈಡ್ ಪದರ ಕೂರುತ್ತದೆ. ತಾಮ್ರಕ್ಕೆ ನೇರ ತಾಗಿದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಜೋಡಣೆಯಲ್ಲಿ 0.2 ಓಮ್ ತಡೆ ಬಂತೆನ್ನಿ. 5 ಆಂಪಿಯರ್ ಹರಿದರೆ ಅಲ್ಲಿ 5 ವ್ಯಾಟ್ ಬಿಸಿ. ಕಾರಿನ 15 ಆಂಪಿಯರ್‌ಗೆ 45 ವ್ಯಾಟ್, ಅಂದರೆ ಟೇಪಿನೊಳಗೆ ಎಂಟು ಗಂಟೆ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಅಲ್ಯೂಮಿನಿಯಂ-ತಾಮ್ರ ಎರಡಕ್ಕೂ ಒಗ್ಗುವ ಬೈಮೆಟಲ್ ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಬೇಕು, ಅಂದರೆ ಒತ್ತಿ ಬಿಗಿಯಬೇಕು. ದೊಡ್ಡ ಖರ್ಚಲ್ಲ.

ಮನೆಯೊಳಗಿನ ಕೆಲಸ ನಾವು ಮಾಡಿಕೊಳ್ಳುತ್ತೇವೆ. 3.3 ಕಿಲೋವ್ಯಾಟ್ ಚಾರ್ಜರ್‌ಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಮಿತಿ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು). ಅದೂ 'ಎ' ಟೈಪ್; ಚಾರ್ಜರ್‌ನಿಂದ ಸೋರುವ, ಏರಿಳಿಯುವ ಡಿಸಿ ಕರೆಂಟನ್ನು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 'ಎಸಿ' ಟೈಪ್ ಸರಿಯಾಗಿ ಹಿಡಿಯುವುದಿಲ್ಲ. 7.2 ಕಿಲೋವ್ಯಾಟ್‌ಗೆ 6 ಚದರ ಮಿ.ಮೀ., ದೂರವಿದ್ದರೆ 10. ಮಿಕ್ಸಿ-ಗೀಸರ್ ಲೈನಿಗೆ ಸೇರಿಸುವುದು, ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯುವುದು ಬೇಡವೇ ಬೇಡ.

ಭಯವಾಗುವುದು ಇನ್ನೊಂದಕ್ಕೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಗುಂಡಿ ತೆಗೆದು ಅರ್ಥಿಂಗ್ ಮಾಡುವ ಬದಲು ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ತಂತಿ ಹಾಕಿಬಿಡುತ್ತಾರೆ. ಚಾರ್ಜ್ ಆಗುತ್ತದೆ, ನಿಜ. ಆದರೆ ಕಂಬದಲ್ಲಿ ನ್ಯೂಟ್ರಲ್ ಬಿಟ್ಟ ಕ್ಷಣ ಕಾರಿನ ಮೈಗೆಲ್ಲ ಕರೆಂಟು. ಆಗ ಮಗುವೊಂದು ಬಾಗಿಲು ಮುಟ್ಟಿದರೆ ಉತ್ತರ ಹೇಳುವವರು ಯಾರು ಸ್ವಾಮಿ?

ನಿಯಮ ತಮಗೆ ಗೊತ್ತಿರುವುದೇ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ಕ್ಕೆ 2024ರಲ್ಲಿ ತಿದ್ದುಪಡಿಯಾಗಿದೆ. ಹೊಸ ಸಂಪರ್ಕಕ್ಕೂ ಇರುವ ಸಂಪರ್ಕದ ಬದಲಾವಣೆಗೂ ಮಹಾನಗರದಲ್ಲಿ 3 ದಿನ, ಇತರ ನಗರಗಳಲ್ಲಿ 7, ಹಳ್ಳಿಗಳಲ್ಲಿ 15. ಕೇಳಿದರೆ ವಾಹನಕ್ಕೇ ಪ್ರತ್ಯೇಕ ಮೀಟರ್ ಪಡೆಯಲೂ ಅವಕಾಶವಿದೆ. ನಮ್ಮವರು ಯುಗಾದಿಗೆ ಹಾಕಿದ ಅರ್ಜಿ ದಸರಾ ಕಳೆದರೂ ಮೇಜಿನ ಮೇಲೇ ಇದೆ. "ಟಿಸಿ ಸಾಲದು" (ಟ್ರಾನ್ಸ್‌ಫಾರ್ಮರ್ ಸಾಲದು) ಎಂದು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಸಾಲದಿದ್ದರೆ ಅದನ್ನೇ ಬರೆದು ಸಹಿ ಮಾಡಿ ಕೊಡಲಿ. 2 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 3.3 ಕಿಲೋವ್ಯಾಟ್ ಎಳೆಯುವುದು ತಪ್ಪೆಂದು ಗೊತ್ತಿದ್ದೇ ಜನ ಅರ್ಜಿ ಹಾಕಿದ್ದಾರೆ. ಕಾಯುವವರು ಎಷ್ಟು ತಿಂಗಳು ಕಾಯಬೇಕು?

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋದ ಜಿಲ್ಲೆ ಇದು. ಕಂಬದಿಂದ ಗೋಡೆಗೆ ಇರುವ ಮೂವತ್ತು ಅಡಿ ತಂತಿಗೆ ನಾವು ಕಾಲು ಹಿಡಿಯಬೇಕಾಗಿದೆ.

ಲೋಡ್ ಕೊಡಿಸಿ. ಸರ್ವಿಸ್ ವೈರ್ ಬದಲಿ ಮಾಡಿಸಿ. ನ್ಯೂಟ್ರಲ್‌ಗೆ ಲಗ್ ಹಾಕಿಸಿ. ಬಾಕಿ ಅರ್ಜಿಗಳ ಆರ್‌ಆರ್ ನಂಬರುಗಳನ್ನು ತಮ್ಮ ಕಚೇರಿಗೆ ಮತ್ತೊಮ್ಮೆ ತಲುಪಿಸಿದ್ದೇವೆ.

ಇಂತಿ,
ಬಡಾವಣೆಯ ನಿವಾಸಿಗಳು ಮತ್ತು ವೈರಿಂಗ್ ಕೆಲಸಗಾರರು, ಮಂಡ್ಯ